ನಿಂತಲ್ಲೇ ಇಳಿಯುವ ಬ್ಯಾಟರಿ

ಸೋಮವಾರ ಬೆಳಿಗ್ಗೆ ಹೊನ್ನಾವರದ ನಮ್ಮ ಬೀದಿಯಲ್ಲಿ ಇಸ್ತ್ರಿ ಅಂಗಿ ತೊಟ್ಟ ಗಂಡಸೊಬ್ಬ ಬೈಕು ದೂಡಿಕೊಂಡು ಓಡುತ್ತಿದ್ದರೆ, ಹಿಂದೆ ಟಿಫಿನ್ ಬ್ಯಾಗು ಹಿಡಿದ ಹೆಂಗಸೊಬ್ಬಳು ಓಡುತ್ತಿದ್ದರೆ, ಗಾಬರಿಯಾಗಬೇಡಿ. ಅದು ನಾವು, ಗಂಡ ಹೆಂಡತಿ.

ವೀಣಾಳ ಆಫೀಸು ಭಟ್ಕಳದಲ್ಲಿ. ದಿನಾ ಬೆಳಿಗ್ಗೆ ಅವಳನ್ನು ರೈಲ್ವೆ ಸ್ಟೇಶನ್ನಿಗೆ ಬಿಡುವುದು ನನ್ನ ಕೆಲಸ. (ಮನೆಯಲ್ಲಿ ಕೂತು ಬರೆಯುವವನಿಗೆ ಬೇರೆ ಕೆಲಸ ಇದೆ ಎಂದರೆ ಯಾರು ನಂಬುತ್ತಾರೆ?) ವಾರವಿಡೀ ಬೈಕು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಭಾನುವಾರ ಒಂದು ದಿನ ನಿಲ್ಲಿಸಿದೆವೋ, ಮುಗಿಯಿತು. ಗುಂಡಿ ಒತ್ತಿದರೆ ಕಟಕಟ ಎಂದು ಹಲ್ಲು ಕಡಿಯುತ್ತದೆ. ಒದೆಯೋಣವೆಂದರೆ ಈಗಿನ ಬೈಕಿಗೆ ಕಿಕ್ಕರ್ ಎಲ್ಲಿದೆ?

ರೈಲು ತಪ್ಪಿದರೆ ಬಸ್ಸು. ಬಸ್ಸು ಎಂದರೆ ತಡ. ತಡವಾದರೆ ಆಫೀಸಿನ ಹೆಬ್ಬೆಟ್ಟಿನ ಯಂತ್ರ ಅರ್ಧ ದಿನದ ಸಿಎಲ್ ರಜೆ ನುಂಗುತ್ತದೆ. ಆ ಸಿಎಲ್‌ಗಳನ್ನು ವೀಣಾ ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿಟ್ಟಿದ್ದಳು. ನನ್ನ ಆಯಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಬೇಕು. ಆಮೇಲೆ ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಬೇಕು. ಅದು ಮಗನ ಕೈಲಾಗುವ ಕೆಲಸವಲ್ಲ, ಸೊಸೆಯೇ ಆಗಬೇಕು ಎಂದು ಆಯಿ ತೀರ್ಪು ಕೊಟ್ಟಾಗಿದೆ. ಬ್ಯಾಟರಿ ಹೀಗೇ ಇಳಿಯುತ್ತ ಹೋದರೆ ಆಪರೇಶನ್ ಮುಂದಿನ ವರ್ಷಕ್ಕೆ ಹೋಗುತ್ತದೆ.

"ಇವತ್ತೂ ಅರ್ಧ ಹೋತು," ಎಂದು ವೀಣಾ ಬಸ್ಸಿನಿಂದ ಫೋನ್ ಮಾಡಿದಾಗ ನಾನು ಬೈಕನ್ನೇ ದುರುಗುಟ್ಟಿ ನೋಡುತ್ತಿದ್ದೆ.

ರೋಗ ಯಾವುದೇ ಇರಲಿ, ನಮ್ಮ ಬೀದಿಯಲ್ಲಿ ವೈದ್ಯರಿಗೆ ಬರವಿಲ್ಲ. ಒಬ್ಬರು ಪ್ಲಗ್ ಎಂದರು. ಒಬ್ಬರು ಸಮುದ್ರದ ಉಪ್ಪುಗಾಳಿ ಎಂದರು. ಆಯಿ ಮಾತ್ರ ರೋಗವೇ ಇಲ್ಲ ಎಂದಳು. "ದೇವ್ರ ದೀಪ ಉರೀತಾ ಇದ್ದಲಾ! ಬ್ಯಾಟ್ರಿ ಹೋತು ಅಂದ್ರೆ ಹ್ಯಾಂಗೆ?"

ಆ ದೀಪದ ಬಗ್ಗೆ ಹೇಳಬೇಕು. ಬೈಕು ತಂದಾಗ ಇಡಗುಂಜಿಯ ಗಣಪತಿ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿದ್ದೆವು. ವಾಪಸ್ ಬರುವಾಗ ಆಯಿ ಸೀಟ್ ಕವರಿನ ಅಂಗಡಿಯೊಂದರ ಮುಂದೆ ಬೈಕು ನಿಲ್ಲಿಸಲು ಹೇಳಿ, ಹ್ಯಾಂಡಲ್ ನಡುವೆ ಪುಟ್ಟ ಗಣಪತಿಯನ್ನು ಹಾಕಿಸಿದಳು. ಗಣಪತಿಯ ಸುತ್ತ ಕೆಂಪು ಹಸಿರು ಎಲ್‌ಇಡಿ ಮಾಲೆ. ಮಂದ ಕಣ್ಣಿಗೂ ಕಾಣಬೇಕಲ್ಲ. "ದೇವರ ದೀಪ, ಆರಬಾರದು ನೋಡು," ಎಂದು ಅಂಗಡಿಯವನಿಗೆ ತಾಕೀತು ಬೇರೆ. ಅವನು ತಲೆಯಾಡಿಸಿದ. ಇಷ್ಟು ವಿಧೇಯ ಕೆಲಸಗಾರನನ್ನು ನಾನು ಜನ್ಮದಲ್ಲಿ ಕಂಡಿಲ್ಲ. ದೀಪ ಅಂದಿನಿಂದ ಆರಿಲ್ಲ.

ದಿನಾ ಅದಕ್ಕೇ ಕೈಮುಗಿದು ಗಾಡಿ ಹತ್ತುತ್ತಿದ್ದ ನನಗೆ ಅದರ ಮೇಲೆ ಅನುಮಾನ ಬಂತೇ? ಇಲ್ಲ. ದೇವರ ಮೇಲೆ ಯಾರು ಅನುಮಾನ ಪಡುತ್ತಾರೆ, ಸ್ವಾಮಿ?

ಊರಿನ ಗ್ಯಾರೇಜಿನವರು ಬ್ಯಾಟರಿಯೇ ಹಳೆಯದು ಎಂದರು. ಹೊಸದು ಹಾಕಿಸಿದೆ. ಹೊಸದೂ ಸೋಮವಾರ ಮಲಗಿತು.

ವೀಣಾಳ ಸಹೋದ್ಯೋಗಿಯೊಬ್ಬರು ಭಟ್ಕಳದ ಇಮ್ತಿಯಾಜ್ ಹೆಸರು ಹೇಳಿದರು. ಗಾಡಿಯ ಕರೆಂಟಿನ ಕೆಲಸದಲ್ಲಿ ಅವನದು ಎತ್ತಿದ ಕೈಯಂತೆ. ಶನಿವಾರ ಹೆದ್ದಾರಿಯಲ್ಲಿ ಹೋದೆ. ಅಷ್ಟು ದೂರ ಓಡಿದ ಮೇಲೆ ಬ್ಯಾಟರಿ ತುಂಬಿ, ಅವನ ಅಂಗಡಿಯ ಮುಂದೆ ಬೈಕು ಒಂದೇ ಒತ್ತಿಗೆ ಗುಡುಗಿತು. ಡಾಕ್ಟರ ಎದುರು ಕೂತ ಕೂಡಲೇ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ.

ಇಮ್ತಿಯಾಜ್ ಮೋಸ ಹೋಗಲಿಲ್ಲ. ಕೀ ತೆಗೆದ. ಸೀಟು ಎತ್ತಿದ. ಬ್ಯಾಟರಿಯ ಒಂದು ವಯರು ಬಿಚ್ಚಿ ನಡುವೆ ಮೀಟರ್ ಹಿಡಿದ. "ನೋಡಿ ಸರ್, ಗಾಡಿ ಮಲಗಿದೆ, ಆದ್ರೂ ಕರೆಂಟ್ ಹೋಗ್ತಾ ಇದೆ. ಯಾರೋ ಕುಡೀತಿದ್ದಾರೆ." ಒಂದೊಂದೇ ಫ್ಯೂಸ್ ಕಿತ್ತ. ಕುಡಿಯುವವನು ಹಾರ್ನಾಗಿದ್ದರೆ ಹಾರ್ನಿನ ಫ್ಯೂಸ್ ತೆಗೆದಾಗ ಮೀಟರ್ ಇಳಿಯಬೇಕು. ಇಳಿಯಲಿಲ್ಲ. ಎಲ್ಲ ಫ್ಯೂಸ್ ಕಿತ್ತರೂ ಇಳಿಯಲಿಲ್ಲ. ಆಗ ಅವನು ಬ್ಯಾಟರಿಯಿಂದ ಹೊರಟ ಒಂದು ತೆಳ್ಳಗಿನ ವಯರಿನ ಮೇಲೆ ಬೆರಳು ಓಡಿಸುತ್ತ, ಟ್ಯಾಂಕಿನ ಅಡಿಯಿಂದ ಮೆಲ್ಲಗೆ ಮುಂದಕ್ಕೆ ಬಂದ. ಹ್ಯಾಂಡಲ್ ಹತ್ತಿರ ಬೆರಳು ನಿಂತಿತು.

ಪಕ್ಕದ ಚಹಾದಂಗಡಿಯ ನಾಲ್ಕೈದು ಜನ ನೋಡುತ್ತಿದ್ದರು. ಅವನು ಅವರನ್ನು ನೋಡಿದ. ನನ್ನನ್ನು ನೋಡಿದ. ಬಿಚ್ಚಿದ್ದನ್ನೆಲ್ಲ ಮೊದಲಿನಂತೆ ಜೋಡಿಸಿ ಸೀಟು ಮುಚ್ಚಿದ.

"ಎಂತ ಆತು?" ಎಂದೆ.

"ದೊಡ್ಡದೇನಿಲ್ಲ ಸರ್. ಸಣ್ಣ ಕೆಲಸ. ಕುಮಟಾದಲ್ಲಿ ಮಾದೇವಣ್ಣ ಇದ್ದಾರೆ, ಅವರಿಗೆ ತೋರಿಸಿ. ಅವರು ನಿಮ್ಮವರೇ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾನಲ್ಲ ಎಂದು ಸಿಟ್ಟು ಬಂತು. ಸಣ್ಣ ಕೆಲಸವಾದರೆ ಇವನೇ ಯಾಕೆ ಮಾಡಬಾರದು? ಬ್ಯಾಟರಿಗೂ 'ನಮ್ಮವರು' 'ನಿಮ್ಮವರು' ಬಂತೇ? ದಕ್ಷಿಣಕ್ಕೆ ಭಟ್ಕಳಕ್ಕೆ ಹೋದದ್ದಾಯಿತು, ಇನ್ನು ಉತ್ತರಕ್ಕೆ ಕುಮಟಾಕ್ಕೆ ಹೋಗಬೇಕು. ಬೈಯುತ್ತಲೇ ಹೋದೆ.

ಕುಮಟಾದ ಮಾದೇವಣ್ಣ ಸೀಟು ಎತ್ತಲೂ ಇಲ್ಲ. ನನ್ನನ್ನು ಕಂಡದ್ದೇ ನಕ್ಕ. "ಇಮ್ತಿಯಾಜ್ ಫೋನ್ ಮಾಡಿದ್ದ. ನಿಮ್ಮ ಗಣಪತಿ ಲೈಟು ಸರ್. ಕೀಗೂ ಫ್ಯೂಸಿಗೂ ಸಂಬಂಧ ಇಲ್ದೆ ಸೀದಾ ಬ್ಯಾಟ್ರಿಗೆ ಕೊಟ್ಟಿದ್ದಾರೆ. ಗಾಡಿ ನಿಂತ್ರೂ ಅದು ನಿಲ್ಲೂದಿಲ್ಲ."

"ಅದನ್ನ ಅವನೇ ಹೇಳಬಹುದಿತ್ತಲ್ಲ?"

"ಅಂವ ಹ್ಯಾಂಗೆ ಹೇಳೂದು ಸರ್? ಇಮ್ತಿಯಾಜ್ ಗಣಪತಿ ವಯರು ಕಟ್ ಮಾಡೂದನ್ನ ಯಾರೋ ಒಬ್ಬ ಮೊಬೈಲಲ್ಲಿ ತೆಗೆದು ಹಾಕಿದ ಅಂತ ಇಟ್ಕೊಳ್ಳಿ. ಆಮೇಲೆ ಬ್ಯಾಟ್ರಿ ಕತೆ ಯಾರು ಕೇಳ್ತಾರೆ? ಅವನ ಅಂಗಡಿ ಉಳೀಬೇಕಲ್ಲ."

ಮೊದಲು ನಗು ಬಂತು. ಆಮೇಲೆ ನಾಚಿಕೆಯಾಯಿತು. ಒಂದು ಪುಟಾಣಿ ವಯರಿಗಾಗಿ ಆ ಮನುಷ್ಯ ಅಂಗಡಿಯನ್ನೇ ಪಣಕ್ಕಿಡಬೇಕಿತ್ತು. ನಾನೋ, ದಾರಿಯುದ್ದಕ್ಕೂ ಅವನನ್ನೇ ಬೈಯುತ್ತ ಬಂದಿದ್ದೆ.

"ಆತು, ಈಗ ನೀವೇ ಕಟ್ ಮಾಡಿ," ಎಂದೆ.

ಮಾದೇವಣ್ಣ ಕೈ ಒರೆಸಿಕೊಂಡ. "ನಾನಾ? ಮಗಳ ಸಂಬಂಧದ ಮಾತುಕತೆ ನಡೀತಾ ಇದೆ ಸರ್. ಇಂಥ ಹೊತ್ನಲ್ಲಿ ವಿಘ್ನೇಶ್ವರನ ದೀಪಕ್ಕೆ ಕೈ ಹಾಕೂದು ಬ್ಯಾಡ. ನೀವೇ ಎಳೀರಿ. ನಾ ಟೇಪ್ ಸುತ್ತಿ ಕೊಡ್ತೆ."

ನಾನು ವಯರು ಹಿಡಿದೆ. ಆಯಿಯ ಮುಖ ಕಣ್ಣ ಮುಂದೆ ಬಂತು. ವಯರು ಬಿಟ್ಟೆ.

ಹೀಗೆ ಒಬ್ಬ ಜನರಿಗೆ ಹೆದರಿದ, ಇನ್ನೊಬ್ಬ ದೇವರಿಗೆ ಹೆದರಿದ, ಬರಹದಲ್ಲಿ ವಿಚಾರವಾದಿ ಎಂದು ಹೆಸರು ಮಾಡಿದ ನಾನು ತಾಯಿಗೆ ಹೆದರಿದೆ. ಬೈಕು ಗಣಪತಿ ಸಮೇತ ಹೊನ್ನಾವರಕ್ಕೆ ಮರಳಿತು. ಸೋಮವಾರ ಮತ್ತೆ ಕಟಕಟ. ಮತ್ತೆ ಅರ್ಧ ಸಿಎಲ್.

ಆ ಸಂಜೆ ವೀಣಾ ಬ್ಯಾಗು ಇಳಿಸಿ ಸೀದಾ ಆಯಿಯ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. (ಹೌದು, ಮರೆಯಲ್ಲೇ.)

ಆಯಿ ಕೇಳಿ ಮುಗಿಸಿ ನನ್ನನ್ನು ಕರೆದಳು. "ಇಡಗುಂಜಿಲೂ ರಾತ್ರೆ ಬಾಗ್ಲು ಹಾಕ್ತ. ಗಣಪತಿಗೂ ನಿದ್ದೆ ಬ್ಯಾಡ್ದಾ? ಇಷ್ಟಕ್ಕೆ ಮೂರು ತಾಲೂಕು ತಿರುಗಿದ್ಯ?" ಎಂದಳು.

ಆರಬಾರದು ಎಂದವಳು ಅವಳೇ ಅಲ್ಲವೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

"ಆ ಭಟ್ಕಳದವನ ಹತ್ರನೇ ಹೋಗು. ಮರ್ಯಾದೆ ಇದ್ದಂವ," ಎಂದಳು.

ಹೋದೆ. ಅದೇ ಅಂಗಡಿ, ಅದೇ ಚಹಾದವರು. ಆಯಿ ಒಪ್ಪಿದ್ದಾಳೆ ಎಂದರೆ ಇಮ್ತಿಯಾಜ್ ನಂಬಲಿಲ್ಲ. ನಂಬಿದರೂ ಅವನೊಬ್ಬ ನಂಬಿದರೆ ಸಾಲದಲ್ಲ. ಫೋನ್ ಹಚ್ಚಿ ಕೊಟ್ಟೆ. ಅವನು ಸ್ಪೀಕರ್ ಆನ್ ಮಾಡಿ, ಫೋನನ್ನು ಚಹಾದಂಗಡಿಯ ಕಡೆಗೆ ತಿರುಗಿಸಿ ಹಿಡಿದ.

ಆಯಿಯ ದನಿ ರಸ್ತೆಯಾಚೆಗೂ ಕೇಳಿತು. "ಕತ್ತರ್ಸು ತಮಾ, ಹೆದರ್ಬೇಡ. ಗಣಪತಿ ಎಂತೂ ಹೇಳೂದಿಲ್ಲ. ಹೇಳಿದ್ರೆ ನನ್ನ ಹತ್ರ ಕಳ್ಸು. ಬೇರೆ ಯಾರಾದ್ರೂ ಹೇಳಿದ್ರೆ ಅವ್ರನ್ನೂ ಕಳ್ಸು."

ಚಹಾದವರು ನಕ್ಕರು. ಇಮ್ತಿಯಾಜ್ ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು ವಯರು ಕತ್ತರಿಸಿದ. ಅದನ್ನು ಕೀಗೆ ಜೋಡಿಸಿದ. ಈಗ ಕೀ ತಿರುಗಿಸಿದರೆ ಗಣಪತಿ ಏಳುತ್ತಾನೆ, ತೆಗೆದರೆ ಮಲಗುತ್ತಾನೆ. ಸೋಮವಾರವೂ ಬೈಕು ಒಂದೇ ಒತ್ತಿಗೆ ಹೊರಡುತ್ತದೆ. ಉಳಿದ ಸಿಎಲ್ ಗಟ್ಟಿಯಾಗಿದೆ, ಆಪರೇಶನ್ನಿಗೆ ದಿನವೂ ನಿಗದಿಯಾಗಿದೆ.

ಅವತ್ತು ಹೊರಡುವಾಗ ಇಮ್ತಿಯಾಜ್ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಸರ್, ಅಮ್ಮನ ನಂಬರ್ ಕೊಟ್ಟು ಹೋಗ್ತೀರಾ? ಇನ್ನೂ ಎರಡು ಗಾಡಿ ಹೀಗೇ ಬಂದು ನಿಂತಿವೆ."

ಕೊಟ್ಟು ಬಂದಿದ್ದೇನೆ. ನಿಮ್ಮೂರಿನ ಮೆಕ್ಯಾನಿಕ್ ಹತ್ತಿರ ಯಾರ ನಂಬರ್ ಇದೆ?