ಆಯ್ತಮ್ಮ ಮೇಸ್ತ್ರಿ

ನಮ್ಮ ಡಯಾಲಿಸಿಸ್ ವಾರ್ಡಿನ ನರ್ಸುಗಳ ತಾಳ್ಮೆ ಪರೀಕ್ಷಿಸಲೆಂದೇ ವಾರಕ್ಕೆ ಮೂರು ದಿನ ಬರುವ ಗಾರೆ ಮೇಸ್ತ್ರಿಯೊಬ್ಬರಿದ್ದಾರೆ. ಏನು ಹೇಳಿದರೂ "ಆಯ್ತಮ್ಮ" ಅನ್ನುವುದರಿಂದ ಅವರ ಹೆಸರೇ ಆಯ್ತಮ್ಮ ಮೇಸ್ತ್ರಿ. ಉಪ್ಪು ಕಡಿಮೆ ಮಾಡಿ ಅಂದರೆ ಆಯ್ತಮ್ಮ, ದಿನಕ್ಕೆ ನೀರು ನಾಲ್ಕೇ ಲೋಟ ಅಂದರೆ ಆಯ್ತಮ್ಮ. ಮುಂದಿನ ಸಲ ತೂಕ ನೋಡಿದರೆ ಮೂರು ಕಿಲೋ ಜಾಸ್ತಿ. ಗದರಿದರೆ, "ನೀರು ನಾಲ್ಕೇ ಲೋಟಮ್ಮ, ಮಿಕ್ಕಿದ್ದೆಲ್ಲ ಟೀ!" ಗೋಡೆಗೆ ತಲೆ ಚಚ್ಚಿಕೊಳ್ಳೋಣವೆಂದರೆ, ಆ ಗೋಡೆಯ ಗಾರೆ ಸರಿಯಿಲ್ಲವೆಂದು ಮಲಗಿದಲ್ಲಿಂದಲೇ ತಪ್ಪು ಹುಡುಕುತ್ತಾರೆ. ನಾವು ಬರೆದುಕೊಟ್ಟ ಪಥ್ಯದ ಚೀಟಿಗಳೆಲ್ಲ ಚೀಲದಲ್ಲಿ ಹೊಸದಾಗಿಯೇ ಇರುತ್ತವೆ. ನಿನ್ನೆ ರೇಗಿ ಆ ಚೀಲವನ್ನೇ ಮಂಚದ ಮೇಲೆ ಸುರಿದೆ. ಲ್ಯಾಮಿನೇಷನ್ ಮಾಡಿಸಿದ ಹಾಳೆಯೊಂದು ಬಿತ್ತು. "ಅದು ಜೋಪಾನ ಅಮ್ಮ, ಕಾಲು ಊದಿದಾಗ ಡಾಕ್ಟ್ರು ಕೈಯಾರೆ ಬರೆದುಕೊಟ್ಟಿದ್ದು. ಹಾಳಾಗಬಾರದು ಅಂತ ಅವತ್ತೇ ಪ್ಲಾಸ್ಟಿಕ್ ಹಾಕಿಸಿದೆ." ಆರು ವರ್ಷದ ಹಿಂದಿನ ತಾರೀಕು. ಕೆಳಗೆ ಒಂದೇ ಸಾಲು: "ಕಿಡ್ನಿ ಕೆಡಲು ಶುರುವಾಗಿದೆ, ಒಂದು ವಾರದೊಳಗೆ ಕಿಡ್ನಿ ತಜ್ಞರಿಗೆ ಈ ಪತ್ರ ತೋರಿಸಿ." ಹಾಳೆಯನ್ನು ಅವರ ಕೈಗೆ ಕೊಟ್ಟೆ; ತಲೆಕೆಳಗಾಗಿ ಹಿಡಿದು ಹೆಮ್ಮೆಯಿಂದ ನೋಡಿದರು. "ಇದನ್ನು ಕೊಡುವಾಗ ಡಾಕ್ಟ್ರು ಬಾಯಲ್ಲಿ ಏನೂ ಹೇಳಲಿಲ್ವಾ ಮೇಸ್ತ್ರಿ?" ಅಂದೆ. "ಹೇಳಿದ್ರಲ್ಲಮ್ಮ. ಮನೇಗೆ ಹೋಗಿ ಓದ್ಕೊಳ್ಳಿ ಅಂದ್ರು. ಆಯ್ತು ಸ್ವಾಮಿ ಅಂದೆ."