ಬೆಳ್ಳಗಾದ ಉಂಗುರ

ಯುದ್ಧ ನಡೆಯುತ್ತಿದ್ದ ಕಾಲ. ದೇವನಹಳ್ಳಿಯ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ನಿಂತಲ್ಲಿ ನಿಲ್ಲುವ ಜಾಯಮಾನ ನನ್ನದಲ್ಲ. ಪಾಠ ಹೇಳುವಾಗಲೂ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದೆ. ಹತ್ತಿರದ ಆವತಿ ಊರಿನ ಒಕ್ಕಲು ಮನೆತನದ ಹುಡುಗಿಯ ಜೊತೆ ನಿಶ್ಚಿತಾರ್ಥವಾಗಿತ್ತು. ಅವಳ ತಂದೆ ತೊಡಿಸಿದ ಚಿನ್ನದ ಉಂಗುರವನ್ನು ಬೆರಳಲ್ಲಿ ತಿರುಗಿಸುತ್ತಿರುವುದು ಹೊಸ ಚಟವಾಗಿತ್ತು.

ಅಂದು ಪರಮಾಣುಗಳು ಹೇಗೆ ಕೂಡುತ್ತವೆ ಎಂಬ ಪಾಠ ಮಾಡಿದ್ದೆ. ಒಂದೊಂದಕ್ಕೂ ಇಂತಿಷ್ಟು ಕೈ ಎಂದುಕೊಳ್ಳಿ ಎಂದಿದ್ದೆ. ಜಲಜನಕಕ್ಕೆ ಒಂದು, ಆಮ್ಲಜನಕಕ್ಕೆ ಎರಡು, ಇಂಗಾಲಕ್ಕೆ ನಾಲ್ಕು. ಕೈಗೆ ಕೈ ಸಿಕ್ಕರೆ ಹೊಸ ವಸ್ತು. ಗೋಡೆಯ ಮೇಲಿನ ಮೂಲವಸ್ತುಗಳ ಪಟ್ಟಿಯಲ್ಲಿ ಚಿನ್ನದ ಪಕ್ಕದ ಮನೆ ಪಾದರಸದ್ದು. ಆ ಪಾದರಸವನ್ನು ಮಾರನೆಯ ದಿನ ಹುಡುಗರಿಗೆ ತೋರಿಸುವ ಹುಮ್ಮಸ್ಸಿನಲ್ಲಿ, ಸಂಜೆ ಎಲ್ಲರೂ ಹೋದ ಮೇಲೆ, ಗಾಳಿಯ ಒತ್ತಡ ಅಳೆಯುವ ಪಾದರಸದ ಕೊಳವೆಯನ್ನು ಹೆಡ್‌ಮಾಸ್ಟರನ್ನು ಕೇಳದೆ ಬೀರುವಿನಿಂದ ತೆಗೆದೆ. ಅವಸರದಲ್ಲಿ ಮೇಜಿಗೆ ತಗುಲಿ ಒಡೆಯಿತು.

ಅಂಥದ್ದು ಆಗ ಬೆಂಗಳೂರಲ್ಲೂ ಸಿಗುತ್ತಿರಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನೆಲದ ಮೇಲೆ ಉರುಳಿದ ಪಾದರಸವನ್ನು ಅಂಗೈಯಲ್ಲೇ ಬಳಿದು ಮಸಿ ಕುಡಿಕೆಗೆ ತುಂಬಿದೆ. ಅದು ಚಿನ್ನಕ್ಕೆ ತಾಗಿದರೆ ಬಿಡದೆ ಬೆರೆತುಕೊಳ್ಳುತ್ತದೆಂದು ಓದಿದ್ದವನೇ ನಾನು. ಆದರೂ ಉಂಗುರ ತೆಗೆದಿಡಲು ತೋಚಲಿಲ್ಲ. ನೋಡನೋಡುತ್ತಲೇ ಅದು ಬೆಳ್ಳಗಾಯಿತು.

ರಾತ್ರಿಯೆಲ್ಲ ಮುಷ್ಟಿ ಬಿಗಿಹಿಡಿದುಕೊಂಡು ಕಳೆದೆ. ಬೆಳಿಗ್ಗೆ ರೊಟ್ಟಿ ಹಾಕುವಾಗ ಅಮ್ಮನ ಕಣ್ಣಿಗೆ ಬಿತ್ತು.

"ಇದೇನೋ ಇದು? ಬೆಳ್ಳಿಗೆ ಚಿನ್ನದ ನೀರು ಹಾಕಿ ಕೊಟ್ಟವ್ರೆ."

ಜಗಲಿಯಲ್ಲಿದ್ದ ಸೋದರಮಾವ ಎದ್ದು ಬಂದರು. "ಕೊಡೋ ಇಲ್ಲಿ. ನಾನೇ ಹೋಗಿ ಕೇಳ್ತೀನಿ."

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮಾವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಹೆಡ್‌ಮಾಸ್ಟರ ಮನೆ ಮುಟ್ಟುತ್ತಿತ್ತು. ಉಂಗುರ ಕಳಚಿ ಕೊಟ್ಟೆ. ಅವರು ಪೆಟ್ರೋಲ್ ಸಿಗದ ಆ ದಿನಗಳ ಇದ್ದಿಲಿನ ಬಸ್ಸು ಹತ್ತಿ ಆವತಿಗೆ ಹೋದರು.

ಶಾಲೆಯಲ್ಲಿ ಮೊದಲ ಪಾಠ ಹೇಗೆ ಮಾಡಿದೆನೋ ಗೊತ್ತಿಲ್ಲ. ಬೋರ್ಡಿನ ಮೇಲೆ ಗಂಧಕದ ಚಿಹ್ನೆ ಬರೆದೆ, ಅಳಿಸಿದೆ, ಮತ್ತೆ ಅದನ್ನೇ ಬರೆದೆ. ಬಸ್ಸು ಈಗ ಎಲ್ಲಿರಬಹುದು, ಮಾವ ಇಳಿದಿರಬಹುದೇ, ಏನಂದಿರಬಹುದು? ಎರಡನೆಯ ಗಂಟೆ ಬಾರಿಸುವ ಮೊದಲೇ ಹೊರಬಿದ್ದು ಬಾಡಿಗೆ ಸೈಕಲ್ ಹಿಡಿದು ಆವತಿಗೆ ತುಳಿದೆ.

ಹುಡುಗಿಯ ತಂದೆ ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ಎದುರಿಗೆ ಮಾವ, ಸುತ್ತ ನೆರೆಹೊರೆಯವರು.

"ಅಕ್ಕಸಾಲಿ ಮೋಸ ಮಾಡಿರ್ಬೇಕು. ನಂಗೆ ತಿಳೀಲಿಲ್ಲ ಕಣಪ್ಪ," ಎಂದು ಹುಡುಗಿಯ ತಂದೆ ಮಾವನಿಗೆ ಹೇಳುತ್ತಿದ್ದರು.

ಏದುಸಿರಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಕೊಳವೆ ಒಡೆದದ್ದು, ಪಾದರಸ ಬಳಿದದ್ದು, ಚಿನ್ನ ಅಪ್ಪಟವೆಂಬುದು. ಕಾಯಿಸಿದರೆ ಪಾದರಸ ಹಾರಿಹೋಗುತ್ತದೆ ಎಂದೆ. ಅವರ ಮುಖಕ್ಕೆ ಜೀವ ಬಂತು. ನನಗೂ ಹಾಯೆನಿಸಿತು, ಎಲ್ಲ ಮುಗಿಯಿತೆಂದು.

ಬಾಗಿಲ ಹಿಂದಿನಿಂದ ಹುಡುಗಿ ಮುಂದೆ ಬಂದಳು. "ಇದು ನಿಮಗೆ ಬೆಳಿಗ್ಗೆನೇ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮ್ಮಾವ ಇಲ್ಲಿಗೆ ಹೊರಟಾಗ್ಲೂ?"

"ಹೂಂ."

ಅವಳು ತಂದೆಯ ಕಡೆ ತಿರುಗಿದಳು. "ಈ ಸಂಬಂಧ ಬ್ಯಾಡಪ್ಪ," ಎಂದಳು. ಅಷ್ಟೇ.

ಅವರು ಅಕ್ಕಸಾಲಿಯನ್ನು ಕರೆಸಿದರು. ಅವನು ಅಂಗಳದಲ್ಲೇ, ಎಲ್ಲರನ್ನೂ ದೂರ ನಿಲ್ಲಿಸಿ, ಕೆಂಡದ ಮೇಲೆ ಉಂಗುರ ಕಾಯಿಸಿದ. ಸ್ವಲ್ಪ ಹೊತ್ತಿಗೆ ಹಳದಿ ಬಣ್ಣ ಮರಳಿತು. ಆರಿದ ಮೇಲೆ ಹುಡುಗಿಯ ತಂದೆ ಅದನ್ನು ಮಾವನಿಗೆ ತೋರಿಸಿದರು, ನೆರೆಹೊರೆಯವರಿಗೆ ತೋರಿಸಿದರು. ಆಮೇಲೆ ಪಂಚೆಯ ತುದಿಗೆ ಕಟ್ಟಿಕೊಂಡು ಒಳಗೆ ಹೋದರು. ನನಗೆ ಕೊಡಲಿಲ್ಲ. ಕೇಳಲು ನನಗೂ ಮುಖವಿರಲಿಲ್ಲ.