ಕಿವಿ ಜಯದೇವಪ್ಪನ ಲಿಂಕ್ ರಾಡ್

ಗ್ಯಾರೇಜಿನವರು ಕಾರು ರಿಪೇರಿ ಮಾಡುವುದಿಲ್ಲ, ಕಾರಿನ ಯಜಮಾನನಿಗೆ ಹೆದರಿಕೆ ಹುಟ್ಟಿಸುತ್ತಾರೆ ಅಷ್ಟೇ ಎಂಬುದು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರ ಖಚಿತ ಅಭಿಪ್ರಾಯ. ಖಚಿತವಲ್ಲದ ಅಭಿಪ್ರಾಯ ಅವರ ಬಳಿ ಯಾವತ್ತೂ ಇದ್ದದ್ದಿಲ್ಲ. ಡಾಕ್ಟರು, ಎಲೆಕ್ಟ್ರಿಷಿಯನ್ನು, ನಲ್ಲಿ ರಿಪೇರಿಯವನು, ಎಲ್ಲರೂ ಅವರ ಪಾಲಿಗೆ ಇಲ್ಲದ ಕಾಯಿಲೆ ಹುಡುಕಿ ಹೊಟ್ಟೆ ಹೊರೆಯುವವರು. ಹಾಗಾಗಿ ಮನೆಯ ರಿಪೇರಿಯನ್ನೆಲ್ಲ ತಾವೇ ಮಾಡುತ್ತಿದ್ದರು, ಮಾಡಿದ್ದನ್ನು ಹೆಂಡತಿ ರುದ್ರಮ್ಮ ಅನುಭವಿಸುತ್ತಿದ್ದರು. ಅಡುಗೆಮನೆಯ ನಲ್ಲಿಯನ್ನು ಊರಿನವರೆಲ್ಲ ತೆರೆಯುವ ಕಡೆಗೆ ತಿರುಗಿಸಿದರೆ ಈ ಮನೆಯಲ್ಲಿ ನೀರು ನಿಲ್ಲುತ್ತಿತ್ತು. ಮಿಕ್ಸಿಯ ಮುಚ್ಚಳದ ಮೇಲೆ ಒಬ್ಬರು ಎರಡೂ ಕೈ ಊರಿ ನಿಂತರೆ ಮಾತ್ರ ಚಟ್ನಿಯಾಗುತ್ತಿತ್ತು. "ಓಡ್ತದೋ ಇಲ್ವೋ, ಅಷ್ಟು ಹೇಳು" ಎಂದು ಅವರು ಕೇಳುತ್ತಿದ್ದರು. ಓಡುವುದೇನೋ ಓಡುತ್ತಿತ್ತು.

ಈ ಸೊಕ್ಕು ಸುಮ್ಮನೆ ಬಂದದ್ದಲ್ಲ. ಸುತ್ತಲಿನ ಊರುಗಳಲ್ಲಿ ಅವರಿಗಿದ್ದ ಹೆಸರು ಕಿವಿ ಜಯದೇವಪ್ಪ. ಈ ಕಡೆಯ ರೈತರು ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಒಡೆಯದೆ ಅದನ್ನು ತಿಳಿಯಬೇಕಾದರೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಉಂಡೆ ಚಿಪ್ಪಿಗೆ ಬಡಿದರೆ ಕಾಯಿ ಆಡ್ತದೆ ಎನ್ನುತ್ತಾರೆ. ಆಡುವ ಕಾಯಿ ಒಳ್ಳೆಯ ಕಾಯಿ, ಆಡದ ಕಾಯಿ ಇನ್ನೂ ಹಸಿ. ಜಯದೇವಪ್ಪನವರಿಗೆ ಹನ್ನೆರಡು ವರ್ಷವಾಗಿದ್ದಾಗ ಅವರ ಅಪ್ಪ ಗಂಡಸಿಯ ಒಂದು ಅಟ್ಟಕ್ಕೆ ಹತ್ತಿಸಿ, ಕಣ್ಣಿಗೆ ಟವೆಲ್ ಕಟ್ಟಿ, ನೂರು ಕಾಯಿ ಅಲ್ಲಾಡಿಸಲು ಹೇಳಿದ್ದರಂತೆ. ತಪ್ಪಿದ್ದು ಎರಡು. ಆ ಎರಡೂ ಇಲಿ ಕಚ್ಚಿದ ಕಾಯಿಗಳು ಎಂದು ಅವರು ಇವತ್ತಿಗೂ ವಾದಿಸುತ್ತಾರೆ.

ಅದಾಗಿ ಐವತ್ತು ವರ್ಷಗಳ ಮೇಲಾಗಿತ್ತು. ಅವರು ಒಂದು ಅಟ್ಟ ಹತ್ತಿ, ಹತ್ತು ಕಾಯಿ ಅಲ್ಲಾಡಿಸಿ, ಇಳಿದು ಬಂದು "ಆಡ್ತವೆ" ಎಂದರೆ ಬೇರೆ ವ್ಯಾಪಾರಿಗಳು ಅಟ್ಟ ಹತ್ತುವ ಶ್ರಮವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಇಲ್ಲ ಎಂದರೆ ಆ ಮನೆಯ ಕಡೆ ಯಾರೂ ತಲೆ ಹಾಕುತ್ತಿರಲಿಲ್ಲ.

ಹೋದ ತಿಂಗಳು ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಕರಿಯಪ್ಪ ಎಂಬ ರೈತನ ಅಟ್ಟದಲ್ಲಿ ಹಾಗೇ ಆಯಿತು. ಜಯದೇವಪ್ಪನವರು ಅಲ್ಲಾಡಿಸಿದ ಒಂದು ಕಾಯಿಯೂ ಆಡಲಿಲ್ಲ. "ಆಡ್ತಾ ಐತಲ್ಲ ಸಾವ್ಕಾರ್ರೇ, ಸರಿಯಾಗಿ ಕೇಳಿ" ಎಂದ ಕರಿಯಪ್ಪ. ಕಿವಿ ಜಯದೇವಪ್ಪನಿಗೆ ಸರಿಯಾಗಿ ಕೇಳಿ ಎಂದು ಹೇಳಿಕೊಡಲು ಹೊರಟ ಆ ಮನುಷ್ಯನ ಧೈರ್ಯಕ್ಕೆ ಅವರ ಮೈ ಉರಿಯಿತು. ಕೈಯಲ್ಲಿದ್ದ ಕಾಯಿಯನ್ನು ಅಂಗಳಕ್ಕೆ ಎಸೆದರು. ಅಷ್ಟಕ್ಕೆ ಬಿಡದೆ ಊರ ಅರಳಿಕಟ್ಟೆಯ ಮುಂದೆ ಕಾರು ನಿಲ್ಲಿಸಿ, ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವಂತೆ, "ಹಸಿ ಕಾಯಿ ತುಂಬ್ಕಂಡು ಒಣಗೈತೆ ಅಂತಾನೆ ನಿಮ್ಮ ಕರಿಯಪ್ಪ. ಅವನ ಮಾತು ನಂಬಿ ಯಾರೂ ಕೆಡಬ್ಯಾಡಿ" ಎಂದು ಹೇಳಿ ಬಂದರು. ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಆ ಕತೆ ಹೇಳುತ್ತಿದ್ದರು, ಹೇಳಿದ ಹಾಗೆಲ್ಲ ಕರಿಯಪ್ಪನ ಸುಳ್ಳು ದೊಡ್ಡದಾಗುತ್ತಿತ್ತು.

ಕಾರಿನ ಸದ್ದು ಮೊದಲು ಕೇಳಿಸಿದ್ದು ರುದ್ರಮ್ಮನವರಿಗೆ. ಗಂಡಸಿ ಹ್ಯಾಂಡ್‌ಪೋಸ್ಟ್ ಕಡೆಯಿಂದ ಬರುವಾಗ, ರಸ್ತೆಯ ಒಂದೊಂದು ಗುಂಡಿಗೂ ಅವರ ಕಾಲ ಕೆಳಗೆ ಟಕಟಕ ಎನ್ನುತ್ತಿತ್ತು. ಗಂಡನ ಭುಜ ಅಲುಗಿಸಿ ಹೇಳಿದರು.

"ರೀ, ಮುಂದಿನ ಚಕ್ರದಲ್ಲಿ ಏನೋ ಬಡೀತೈತೆ."

"ನಿನ್ನ ಬಳೆ ಇರ್ಬೇಕು ಕಣೇ."

ರುದ್ರಮ್ಮ ಎರಡೂ ಕೈಯ ಬಳೆಗಳನ್ನು ಮೊಣಕೈವರೆಗೆ ಏರಿಸಿ ಸೆರಗಿನಲ್ಲಿ ಸುತ್ತಿಕೊಂಡು ಕೂತರು. ಸದ್ದು ನಿಲ್ಲಲಿಲ್ಲ. ಗಂಡ ಅದು ಸೀಟಿನದು ಎಂದರು, ಡಿಕ್ಕಿಯಲ್ಲಿದ್ದ ಕುಡುಗೋಲಿನದು ಎಂದರು, ಕೊನೆಗೆ ಹೆಂಗಸರ ತಲೆಯೊಳಗಿನದು ಎಂದರು. ಆಮೇಲೆ ಯಾವುದಕ್ಕೂ ಇರಲಿ ಎಂದು ಮುಂದಿನ ಚಕ್ರಗಳ ಹಿಂದೆ ಕಂಡ ಸಂದುಗಳಿಗೆಲ್ಲ ಕೊಬ್ಬರಿ ಎಣ್ಣೆ ಬಿಟ್ಟರು. ಕಾರಿಗೆ ತಲೆ ಬಾಚಿಕೊಂಡವರ ವಾಸನೆ ಬಂತು, ಟಕಟಕ ಹಾಗೇ ಇತ್ತು. ಇನ್ನು ಈ ಕಾರು ಹತ್ತುವುದಿಲ್ಲ ಎಂದು ರುದ್ರಮ್ಮ ಹಟ ಹಿಡಿದ ಮೇಲೆ ಜಯದೇವಪ್ಪನವರು ಹಾಸನ ರಸ್ತೆಯ ಇಂದ್ರೇಶನ ಗ್ಯಾರೇಜಿಗೆ ಹೋದರು. ರಿಪೇರಿ ಮಾಡಿಸಲು ಅಲ್ಲ, ಏನೂ ಆಗಿಲ್ಲ ಎಂದು ಅವನ ಬಾಯಲ್ಲೇ ಹೆಂಡತಿಗೆ ಹೇಳಿಸಲು.

ಇಂದ್ರೇಶ ಮೂವತ್ತೈದರ ಮನುಷ್ಯ, ಮಾತು ಕಡಿಮೆ. ಅವರಿಬ್ಬರನ್ನೂ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದು, ಕಾರಿನ ಕೆಳಗೆ ತೂರಿ, ಹೊರಗೆ ಬಂದು ಕೈ ಒರೆಸಿಕೊಂಡ.

"ಎಡಗಡೆ ಲಿಂಕ್ ರಾಡ್ ಆಡ್ತಾ ಐತೆ ಯಜಮಾನ್ರೇ."

"ಆಡಿದ್ರೆ ಒಳ್ಳೇದೇ ಅಲ್ವೇನಪ್ಪ."

"ಕೊಬ್ಬರಿಗೆ ಒಳ್ಳೇದು. ಕಾರಿಗಲ್ಲ."

ಲಿಂಕ್ ರಾಡ್ ಎಂದರೆ ಚಕ್ರದ ಹಿಂದಿರುವ ಗೇಣುದ್ದದ ಕಂಬಿ, ಎರಡು ತುದಿಯಲ್ಲೂ ಗುಂಡು ಇರುತ್ತದೆ, ಗುಂಡು ಸವೆದು ಸಡಿಲವಾದರೆ ಹೀಗೆ ಬಡಿಯುತ್ತದೆ ಎಂದು ಅವನು ವಿವರಿಸಿದ. ಶಾಕ್ ಅಬ್ಸಾರ್ಬರ್ ಕೂಡ ಸೋರಲು ಶುರುವಾಗಿದೆ ಎಂದ. "ಅದನ್ನ ಮಾತ್ರ ಮನೇಲಿ ಮುಟ್ಬೇಡಿ. ಸ್ಪ್ರಿಂಗು ಒತ್ತಿ ಹಿಡಿಯೋ ಸಾಮಾನು ಇಲ್ದೆ ಬಿಚ್ಚಿದ್ರೆ ಮುಖಕ್ಕೇ ಹಾರ್ತದೆ. ಲಿಂಕ್ ರಾಡ್ ಬೇಕಾದ್ರೆ ನೀವೇ ಹಾಕ್ಕೊಳ್ಳಿ, ಎರಡೇ ನಟ್ಟು."

ಕೆಲಸ ಕೊಡಿ ಎಂದು ಗಂಟುಬೀಳುವ ಮೆಕ್ಯಾನಿಕ್ ಕಳ್ಳ, ನೀವೇ ಮಾಡಿಕೊಳ್ಳಿ ಎನ್ನುವವನು ಅವನಿಗಿಂತ ದೊಡ್ಡ ಕಳ್ಳ ಎಂದು ಜಯದೇವಪ್ಪನವರಿಗೆ ಅನಿಸಿತು.

"ಬಡೀತದೆ ಬಡೀತದೆ ಅಂತೀಯಲ್ಲಪ್ಪ, ಸದ್ದೆಲ್ಲೈತೆ? ನನಗೆ ಕೇಳಿಸ್ಲೇ ಇಲ್ಲ."

ಇಂದ್ರೇಶ ರುದ್ರಮ್ಮನ ಮುಖ ನೋಡಿದ. ರುದ್ರಮ್ಮ ರಸ್ತೆ ನೋಡಿದರು. ಇಬ್ಬರೂ ಒಂದಾಗಿದ್ದಾರೆ ಎಂದುಕೊಂಡು ಜಯದೇವಪ್ಪನವರು ಕಾರು ಹತ್ತಿದರು.

ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅವರು ಪಂಚೆ ಮೇಲಕ್ಕೆ ಕಟ್ಟಿ ಅಂಗಳದಲ್ಲಿ ಜಾಕ್ ಏರಿಸಿದರು. ಹೊಸ ಲಿಂಕ್ ರಾಡ್ ತಂದಿರಲಿಲ್ಲ. ತರುವ ಪ್ರಶ್ನೆ ಎಲ್ಲಿಂದ ಬಂತು? ಹಳೆಯದನ್ನು ಬಿಚ್ಚಿ, ಅದು ಗಟ್ಟಿಯಾಗಿದೆ ಎಂದು ತೋರಿಸಿ, ಹಾಗೇ ಹಾಕುವುದು ಅವರ ಯೋಜನೆ. ಆಮೇಲೆ ಇಂದ್ರೇಶನ ಸುಳ್ಳನ್ನು ಊರೆಲ್ಲ ಹೇಳಬೇಕು. ರುದ್ರಮ್ಮ ಜಗುಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತು ನೋಡುತ್ತಿದ್ದರು. ಎರಡೇ ನಟ್ಟಿಗೆ ಎರಡೂವರೆ ಗಂಟೆ ಹಿಡಿಯಿತು. ಮೇಲಿನ ನಟ್ಟು ತಿರುಗಿಸಿದರೆ ಗುಂಡೂ ಅದರ ಜೊತೆ ತಿರುಗುತ್ತಿತ್ತು, ಕೆಳಗಿನದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ಪ್ಯಾನರ್ ಜಾರಿ ಬೆರಳಿನ ಗಂಟಿನ ಚರ್ಮ ಕಿತ್ತುಹೋಯಿತು. ವಿಭೂತಿ ಇದ್ದ ಕಡೆ ಗ್ರೀಸ್ ಬಂತು. ಮೆಕ್ಯಾನಿಕ್‌ಗಳನ್ನು, ಕಾರು ಮಾಡಿದವರನ್ನು, ರಸ್ತೆ ಹಾಕಿದವರನ್ನು ಬೈದು ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡುವ ಹೊತ್ತಿಗೆ ಕಂಬಿ ಕೈಗೆ ಬಂತು.

ಆಗ ಜಯದೇವಪ್ಪನವರು ಕೊಬ್ಬರಿ ವ್ಯಾಪಾರಿ ಮಾತ್ರ ಮಾಡಬಹುದಾದ ಕೆಲಸ ಮಾಡಿದರು. ಕಂಬಿಯನ್ನು ಬಲಗಿವಿಯ ಹತ್ತಿರ ಹಿಡಿದು, ಕಣ್ಣು ಅರ್ಧ ಮುಚ್ಚಿ, ಮೂರು ಸಲ ಅಲ್ಲಾಡಿಸಿದರು. ಎಡಗಿವಿಗೆ ಹಿಡಿದು ಮತ್ತೆ ಮೂರು ಸಲ.

ಟಕ, ಟಕ, ಟಕ ಎಂದಿತು. ಸವೆದ ಗುಂಡು ಆ ಕಡೆ ಈ ಕಡೆ ಬಡಿಯುವುದು ಜಗುಲಿಯವರೆಗೂ ಕೇಳಿಸಿತು.

"ನೋಡಿದ್ಯಾ," ಎಂದರು ಅವರು, ಗೆದ್ದ ಮುಖ ಮಾಡಿಕೊಂಡು. "ಒಂಚೂರೂ ಆಡಲ್ಲ. ಅವನು ಎಂಥ ಸುಳ್ಳ ಅಂತ ಈಗ ಗೊತ್ತಾಯ್ತಾ?"

ರುದ್ರಮ್ಮನ ಕೈಯಲ್ಲಿದ್ದ ಸೊಪ್ಪು ಮೊರಕ್ಕೆ ಬಿತ್ತು. ಅವರು ಎದ್ದು ಬಂದು ಕಂಬಿಯನ್ನು ತೆಗೆದುಕೊಂಡರು. ಜಯದೇವಪ್ಪನವರು ಅವರಿಗೆ ಬೆನ್ನು ಮಾಡಿ, ಕಾರಿನ ಬಾಗಿಲಿಗೆ ಕೈ ಊರಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ, ಇಂದ್ರೇಶನಿಗೆ ನಾಳೆ ಏನು ಹೇಳಬೇಕು ಎಂದು ಯೋಚಿಸುತ್ತಿದ್ದರು. ಆಗ ಕಾರಿನ ಗಾಜು ಕಣ್ಣಿಗೆ ಬಿತ್ತು. ಗಾಜಿನಲ್ಲಿ ಅವರ ತಲೆ, ತಲೆಯ ಪಕ್ಕದಲ್ಲೇ ರುದ್ರಮ್ಮನ ಕೈ. ಆ ಕೈ ಕಂಬಿಯನ್ನು ಅವರ ಕಿವಿಯ ಹಿಂದೆ ಹಿಡಿದು ಜೋರಾಗಿ ಅಲ್ಲಾಡಿಸುತ್ತಿತ್ತು. ರುದ್ರಮ್ಮನ ಕಣ್ಣು ತುಂಬಿತ್ತು.

ಅವರು ತಿರುಗಿ ಕಂಬಿಯನ್ನು ಕಸಿದುಕೊಂಡರು. ತುದಿಯ ಗುಂಡನ್ನು ಎರಡು ಬೆರಳಿನಲ್ಲಿ ಹಿಡಿದು ಆಡಿಸಿದರು. ಕಿವಿಗೆ ಬಾರದ್ದು ಬೆರಳಿಗೆ ಬಂತು. ಸಡಿಲವಾಗಿ, ಲಟಪಟನೆ, ಯಾವ ನಾಚಿಕೆಯೂ ಇಲ್ಲದೆ ಆಡುತ್ತಿತ್ತು ಅದು.

"ಯಾವಾಗಿಂದ?" ಎಂದು ಕೇಳಿದರು.

ರುದ್ರಮ್ಮ ಎದುರಿಗೆ ಬಂದು, ಬಾಯಿ ಕಾಣುವ ಹಾಗೆ ನಿಂತು ಹೇಳಿದರು. "ಗೌರಿ ಹಬ್ಬದಿಂದ ಅನ್ಸುತ್ತೆ. ಕರೆದ್ರೆ ತಿರುಗ್ತಿರಲಿಲ್ಲ. ಬೇಕೂ ಅಂತ್ಲೇ ಹಂಗ್ ಮಾಡ್ತೀರ ಅಂದ್ಕೊಂಡಿದ್ದೆ. ಮೊದಲಿಂದ್ಲೂ ಅಷ್ಟೇ ಅಲ್ವಾ ನೀವು."

ಮೂವತ್ತೆಂಟು ವರ್ಷ ಹೆಂಡತಿಯ ಮಾತಿಗೆ ಕಿವಿಗೊಡದ ಗಂಡ ಕಿವುಡನಾದರೆ ಅದು ಹೆಂಡತಿಗೆ ಗೊತ್ತಾಗುವುದಾದರೂ ಹೇಗೆ? ಇಷ್ಟು ದಿನ ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದದ್ದು ಅವರಿಗೇ ಗೊತ್ತಿರಲಿಲ್ಲ. ಜಯದೇವಪ್ಪನವರು ಜಗುಲಿಯ ಮೇಲೆ ಕೂತುಬಿಟ್ಟರು. ಮೊದಲು ನೆನಪಿಗೆ ಬಂದದ್ದು ಇಂದ್ರೇಶನಲ್ಲ, ಹುಲಿಕೆರೆಯ ಅಂಗಳಕ್ಕೆ ಎಸೆದ ಕಾಯಿ. ಆ ಹೊತ್ತು ಅಟ್ಟದ ಕೆಳಗೆ ನಿಂತಿದ್ದ ಕರಿಯಪ್ಪನ ಮುಖ ನೆನಪಾಯಿತು. ಸರಿಯಾಗಿ ಕೇಳಿ ಎಂದಿದ್ದ ಅವನು. ಊಟದ ಹೊತ್ತಿನ ಕತೆಯಲ್ಲಿ ಆ ಮುಖಕ್ಕೆ ಕಳ್ಳನ ಕಳೆ ಕೊಟ್ಟದ್ದು ತಾವೇ. ಕಿವಿ ಹೋದದ್ದು ಮಾರುಕಟ್ಟೆಗೆ ಗೊತ್ತಾದರೆ ಹೆಸರು ಹೋಗುತ್ತದೆ, ಹೇಳದೆ ಇದ್ದರೆ ಕರಿಯಪ್ಪನ ಹೆಸರು ಹೋದದ್ದು ಹೋದ ಹಾಗೇ. ಇಡೀ ದಿನ ಅವರು ಯಾರನ್ನೂ ಬೈಯಲಿಲ್ಲ. ರುದ್ರಮ್ಮನಿಗೆ ಅದೇ ಹೆಚ್ಚು ಭಯವಾಯಿತು.

ಸೋಮವಾರ ಇಂದ್ರೇಶನನ್ನೇ ಮನೆಗೆ ಕರೆಸಿದರು. ಅವನು ಹೊಸ ಕಂಬಿ ತಂದು ಕಾಲು ಗಂಟೆಯಲ್ಲಿ ಕೂರಿಸಿದ. "ಆಡ್ತಿತ್ತು ಕಣಪ್ಪ" ಎಂದು ಹಳೆಯದನ್ನು ಅವನ ಕೈಗೆ ಕೊಟ್ಟರು. ಅವನು ಅದನ್ನು ಅಲ್ಲಾಡಿಸಿಯೂ ನೋಡದೆ ಚೀಲಕ್ಕೆ ಹಾಕಿಕೊಂಡ. ಶಾಕ್ ಅಬ್ಸಾರ್ಬರ್‌ಗೆ ಗುರುವಾರ ಗ್ಯಾರೇಜಿಗೇ ತರುತ್ತೇನೆ ಎಂದು ಅವರು ಹೇಳಿದಾಗ ಮಾತ್ರ ಒಂದು ಗಳಿಗೆ ಅವರ ಮುಖ ನೋಡಿದ.

ಅವನು ಹೋದ ಕೂಡಲೇ ಗಂಡ ಹೆಂಡತಿ ನೇರ ಹುಲಿಕೆರೆಗೆ ಹೊರಟರು. ಜಾವಗಲ್ ದಾಟಿ ರಸ್ತೆ ಕೆಟ್ಟಿರುವ ಕಡೆ ಜಯದೇವಪ್ಪನವರು ನಿಧಾನ ಮಾಡಿ, ಹೆಂಡತಿಯ ಕಡೆ ತಿರುಗಿ ಕೇಳಿದರು.

"ಈಗ?"

"ಇಲ್ಲ. ಹೋಗೈತೆ."

ಅವರಿಗೆ ಆ ಸದ್ದು ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಹೆಂಡತಿ ಹೇಳಿದ್ದನ್ನು ನಂಬಿ ಗಾಡಿ ಓಡಿಸಿದ್ದು ಅದೇ ಮೊದಲು.

ಕರಿಯಪ್ಪನ ಅಟ್ಟದ ಕಾಯಿ ಅಟ್ಟದಲ್ಲೇ ಇತ್ತು. ಆವತ್ತಿನಿಂದ ಒಬ್ಬ ವ್ಯಾಪಾರಿಯೂ ಆ ಕಡೆ ಬಂದಿರಲಿಲ್ಲ. ಅವನು ಬನ್ನಿ ಎನ್ನಲಿಲ್ಲ, ಕೂರಿ ಎನ್ನಲಿಲ್ಲ. ರುದ್ರಮ್ಮನಿಗೆ ಮಾತ್ರ ಚಾಪೆ ಹಾಸಿದ. ಒಳಗೆ ಹೋಗಿ ಒಂದು ಕಾಯಿ ತಂದು, ಜಯದೇವಪ್ಪನವರ ಮುಂದೆ ಹಿಡಿದು ಅಲ್ಲಾಡಿಸಿದ.

"ಆವತ್ತು ನೀವು ಬಿಸಾಕಿದ್ದು ಇದೇ ಕಾಯಿ. ಎತ್ತಿಟ್ಟಿದ್ದೆ. ಆಡ್ತದೋ ಇಲ್ವೋ ಹೇಳಿ."

"ನನಗೆ ಗೊತ್ತಾಗಲ್ಲ ಕರಿಯಪ್ಪನೋರೇ. ನೀವು ಹೇಳಿದ್ರೆ ಆಡ್ತದೆ. ನನ್ನ ಕಿವಿ ಹೋಗೈತೆ."

ಏಕವಚನ ಹೋಗಿ ಬಹುವಚನ ಬಂದದ್ದನ್ನು ಕರಿಯಪ್ಪ ಗಮನಿಸಿದ. ಆದರೆ ಕರಗಲಿಲ್ಲ. ಅವನು ಯಾಕಾದರೂ ಕರಗಬೇಕು?

"ನನ್ನ ಕಾಯಿ ಒಣಗೈತೆ ಅಂತ ನನ್ನ ಮನೇಲಿ ನನಗೇ ಹೇಳಕ್ಕೆ ಅಷ್ಟು ದೂರದಿಂದ ಬರ್ಬೇಕಿತ್ತಾ ಸಾವ್ಕಾರ್ರೇ?" ಎಂದು ಜೋರಾಗಿ, ಬಿಡಿಸಿ ಬಿಡಿಸಿ ಕೇಳಿದ. "ಅದು ನನಗೆ ಗೊತ್ತಿತ್ತು. ಆವತ್ತು ಹೇಳಿದ್ದು ಅರಳಿಕಟ್ಟೇಲಿ. ಇದನ್ನೂ ಅಲ್ಲೇ ಹೇಳಿ."

ಜಯದೇವಪ್ಪನವರು ಹೆಂಡತಿಯ ಕಡೆ ನೋಡಿದರು. ರುದ್ರಮ್ಮ ಆಗಲೇ ಚಾಪೆಯಿಂದ ಎದ್ದಿದ್ದರು.

ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು, ಹೆಚ್ಚುಕಡಿಮೆ ಆವತ್ತು ಇದ್ದವರೇ. ಆವತ್ತು ಕಾರಿನಿಂದ ಇಳಿಯದೆಯೇ ಊರಿಗೆಲ್ಲ ಕೇಳಿಸುವಂತೆ ಕೂಗಿದ್ದ ಜಯದೇವಪ್ಪನವರು ಈವತ್ತು ನಡೆದುಕೊಂಡು ಬಂದು, ಚಪ್ಪಲಿ ಬಿಟ್ಟು, ಎದುರಿಗೆ ನಿಂತರು. ಬೆರಳಿನ ಗಂಟಿಗೆ ಹೆಂಡತಿ ಕಟ್ಟಿದ್ದ ಬಟ್ಟೆಯನ್ನು ಒತ್ತಿಕೊಳ್ಳುತ್ತ, ತಲೆ ತಗ್ಗಿಸಿ ಹೇಳಿದರು.

"ಕರಿಯಪ್ಪನೋರ ಕಾಯಿ ಒಣಗಿತ್ತು. ಅವರು ಹೇಳಿದ್ದು ನಿಜ. ನನಗೆ ಕಿವಿ ಕೇಳಿಸಲ್ಲ."

ಹಿಂದೆ, ಅರಳಿಮರದ ಬುಡಕ್ಕೆ ಒರಗಿ ಕೂತಿದ್ದ ಮುದುಕನೊಬ್ಬ ಕಿವಿಗೆ ಕೈ ಹಿಡಿದು ಏನೋ ಅಂದ. ಉಳಿದವರು ಜಯದೇವಪ್ಪನವರ ಮುಖವನ್ನೇ ನೋಡುತ್ತಿದ್ದರು. ಅವರು ಮೆಲ್ಲಗೆ ರುದ್ರಮ್ಮನ ಕಡೆ ತಿರುಗಿದರು.

"ಏನಂತೆ?"

ರುದ್ರಮ್ಮ ಅವರ ಎದುರಿಗೆ ಬಂದು, ಬಾಯಿ ಕಾಣುವ ಹಾಗೆ ನಿಂತರು.

"ಅವ್ರಿಗೆ ಕೇಳಿಸ್ಲಿಲ್ವಂತೆ. ಇನ್ನೊಂದ್ಸಲ, ಜೋರಾಗಿ ಹೇಳ್ಬೇಕಂತೆ."

ಜಯದೇವಪ್ಪನವರು ಗಂಟಲು ಸರಿಮಾಡಿಕೊಂಡರು.